ಡೆಸ್ಕ್‌ಟಾಪ್‌ಗೆ ಗಟ್ಟಿಮುಟ್ಟಾದ, ಗಾಳಿ ಚೆನ್ನಾಗಿ ಆಡುವ ಕೇಸ್ ಆರಿಸುವುದು ಹೇಗೆ?

ಮೊದಲು ಮುಂಭಾಗ ನೋಡಿ. ಪೂರ್ತಿ ಗಾಜು ಮುಚ್ಚಿ ಪಕ್ಕದಲ್ಲಿ ಬೆರಳಗಲ ಸಂದಿ ಬಿಟ್ಟಿದ್ದರೆ ಎಷ್ಟು ಫ್ಯಾನ್ ಹಾಕಿದರೂ ಅಷ್ಟಕ್ಕಷ್ಟೇ. ಗಾಳಿ ಸಿಗದೆ ಜೋರಾಗಿ ತಿರುಗಿ ಸದ್ದು ಮಾಡುತ್ತವೆ. ಜಾಲರಿ ಮುಖದ ಕೇಸ್ ತೆಗೆದುಕೊಳ್ಳಿ. ಮುಂದೆ 140 ಮಿ.ಮೀ.ನ ಎರಡು ಅಥವಾ 120ರ ಮೂರು ಫ್ಯಾನ್ ಒಳಕ್ಕೆ, ಹಿಂದೆ 120ರ ಒಂದು ಹೊರಕ್ಕೆ. ಹೆಚ್ಚಿನವರಿಗೆ ಇಷ್ಟು ಸಾಕು. ಒಳಬರುವ ಗಾಳಿ ತುಸು ಹೆಚ್ಚಿದ್ದರೆ ಧೂಳು ಸಂದಿಗಳಿಂದ ನುಗ್ಗದೆ ಬಹುಪಾಲು ಫಿಲ್ಟರ್‌ನಲ್ಲೇ ನಿಲ್ಲುತ್ತದೆ. ಆ ಫಿಲ್ಟರ್ ಸುಲಭವಾಗಿ ಎಳೆದು ತೆಗೆಯುವಂತಿರಲಿ, ಇಲ್ಲದಿದ್ದರೆ ಯಾರೂ ತೊಳೆಯುವುದಿಲ್ಲ ಬಿಡಿ.

ತಗಡು 0.8 ಮಿ.ಮೀ. ಇದ್ದರೆ ಒಳ್ಳೆಯದು. 0.5ರದ್ದು ಹಾರ್ಡ್‌ಡಿಸ್ಕ್ ತಿರುಗುವಾಗ ಗುಂಯ್‌ಗುಡುತ್ತದೆ, ಒಮ್ಮೆ ಬಿಚ್ಚಿದ ಪಕ್ಕದ ಬಾಗಿಲು ಮತ್ತೆ ಸರಿಯಾಗಿ ಕೂರಲು ಸತಾಯಿಸುತ್ತದೆ.

ಜನ ಎಡವುವುದು ಅಳತೆಯಲ್ಲಿ. ಪ್ರೊಸೆಸರ್ ತಂಪಾಗಿಸಲು ಅದರ ಮೇಲೆ ಕೂರುವ ದೊಡ್ಡ ಟವರ್ ಕೂಲರ್‌ಗೆ ಸುಮಾರು 165 ಮಿ.ಮೀ. ಎತ್ತರ ಬೇಕು. ಗ್ರಾಫಿಕ್ಸ್ ಕಾರ್ಡ್‌ಗೆ 360 ಮಿ.ಮೀ. ಜಾಗ ಎಂದಿದ್ದರೆ ಅದು ಫ್ಯಾನ್ ಸೇರಿಸಿಯೋ ಬಿಟ್ಟೋ ನೋಡಿ. ಬಿಟ್ಟು ಹೇಳಿದ್ದಾದರೆ, ಮುಂದೆ 27 ಮಿ.ಮೀ. ದಪ್ಪದ ರೇಡಿಯೇಟರ್ (ನೀರಿನ ಕೂಲರ್‌ನ ಬಿಸಿ ಹೊರಹಾಕುವ ಭಾಗ), 25 ಮಿ.ಮೀ. ದಪ್ಪದ ಫ್ಯಾನ್ ಕೂತ ಮೇಲೆ ಉಳಿಯುವುದು 308 ಮಾತ್ರ. ಮದರ್‌ಬೋರ್ಡ್ ಹಿಂದೆ ಕೇಬಲ್‌ಗೆ 20 ಮಿ.ಮೀ. ಆದರೂ ಬೇಕು.