ನ್ಯೂಯಾರ್ಕಿನಲ್ಲಿ ಪೊಡಿಯಾಟ್ರಿ ಓದುವ ಮಗಳಿಗೆ ಎಡಿಸನ್ ಮನೆ ಸಾಕೇ, ಹಾರ್ಲೆಮ್‌ನಲ್ಲೇ ರೂಮ್ ಮಾಡಬೇಕೇ?

ನೀವು ಕೇಳಿದ್ದು ಇಷ್ಟು: ಮಗಳಿಗೆ ಪೊಡಿಯಾಟ್ರಿ, ಅಂದರೆ ಪಾದದ ವೈದ್ಯಕೀಯ ಕಲಿಸುವ ನ್ಯೂಯಾರ್ಕ್ ಕಾಲೇಜ್ ಆಫ್ ಪೊಡಿಯಾಟ್ರಿಕ್ ಮೆಡಿಸಿನ್‌ನಲ್ಲಿ ಸೀಟಾಗಿದೆ, ಆಗಸ್ಟ್‌ನಲ್ಲಿ ಕ್ಲಾಸು ಶುರು. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಅವಳ ಸೋದರಮಾವ ಇದ್ದಾರೆ. ಅಲ್ಲಿಂದ ಓಡಾಡಿದರೆ ಬಾಡಿಗೆ ಉಳಿಯುತ್ತದೆ, ಹಾರ್ಲೆಮ್ ಹೆಸರು ಕೇಳಿದರೆ ಮನೆಯವರಿಗೆ ಭಯ.

ಎಡಿಸನ್‌ನಿಂದ ದಿನಾ ಓಡಾಡುವ ಆಲೋಚನೆ ಬಿಟ್ಟುಬಿಡಿ. ಕಾಲೇಜು ಇರುವುದು ಮ್ಯಾನ್‌ಹಟನ್‌ನ ಹಾರ್ಲೆಮ್ ಭಾಗದಲ್ಲಿ, 53 ಈಸ್ಟ್ 124ನೇ ಬೀದಿಯಲ್ಲಿ. ಎಡಿಸನ್ ಸ್ಟೇಷನ್‌ನಿಂದ ಪೆನ್ ಸ್ಟೇಷನ್‌ಗೆ ಸುಮಾರು ಒಂದು ಗಂಟೆ, ಅಲ್ಲಿಂದ ಸಬ್‌ವೇಯ (ನಗರದ ಮೆಟ್ರೊ) 2 ಅಥವಾ 3ನೇ ನಂಬರ್ ರೈಲಿನಲ್ಲಿ 125ನೇ ಬೀದಿಗೆ ಇಪ್ಪತ್ತು ನಿಮಿಷ, ಆಮೇಲೆ ಹತ್ತು ನಿಮಿಷದ ನಡಿಗೆ. ಮನೆಯಿಂದ ಸ್ಟೇಷನ್‌ಗೆ ಹೋಗುವುದು, ರೈಲಿಗೆ ಕಾಯುವುದು ಸೇರಿದರೆ ಒಂದೂಮುಕ್ಕಾಲು ಗಂಟೆಗೆ ಕಡಿಮೆ ಆಗುವುದಿಲ್ಲ. ಹೋಗಿಬರಲು ಮೂರೂವರೆ ಗಂಟೆ. ಅದೂ ಎಲ್ಲ ಸರಿಯಿದ್ದ ದಿನ. ಹಡ್ಸನ್ ನದಿಯ ಕೆಳಗೆ ಇರುವುದು 1910ರ ಸುರಂಗ, ಎರಡೇ ಹಳಿ. ಒಂದು ರೈಲು ಕೆಟ್ಟು ನಿಂತರೆ ಹಿಂದಿನ ಎಲ್ಲವೂ ನಿಲ್ಲುತ್ತವೆ. ಮೊದಲ ಎರಡು ವರ್ಷ ಅನಾಟಮಿ, ಫಿಸಿಯಾಲಜಿ, ಫಾರ್ಮಕಾಲಜಿ ಒಂದರ ಮೇಲೊಂದು ಬರುತ್ತವೆ. ಅವು ಮುಗಿಯುತ್ತಿದ್ದಂತೆ ವೈದ್ಯ ಲೈಸೆನ್ಸ್‌ಗೆ ಬೇಕಾದ ಬೋರ್ಡ್ ಪರೀಕ್ಷೆಯ ಮೊದಲ ಭಾಗ. ಆ ಮೂರೂವರೆ ಗಂಟೆ ಹೋಗುವುದು ಓದಿನಿಂದ, ಇಲ್ಲವೇ ನಿದ್ದೆಯಿಂದ.

ಮನೆ ಹುಡುಕುವಾಗ ಮೈಲಿ ಲೆಕ್ಕ ಹಾಕಬೇಡಿ, 4, 5, 6ನೇ ರೈಲಿನ ಲೆಕ್ಕ ಹಾಕಿ. ಇವು ಮೂರೂ ಲೆಕ್ಸಿಂಗ್ಟನ್ ಅವೆನ್ಯೂ–125ನೇ ಬೀದಿಯಲ್ಲಿ ನಿಲ್ಲುತ್ತವೆ, ಅಲ್ಲಿಂದ ಕಾಲೇಜಿಗೆ ಐದು ನಿಮಿಷ. 4 ಮತ್ತು 5 ಎಕ್ಸ್‌ಪ್ರೆಸ್: ದಕ್ಷಿಣದ 86ನೇ ಬೀದಿಯಲ್ಲಿ ಹತ್ತಿದರೆ ಮುಂದಿನ ನಿಲ್ದಾಣವೇ 125. ಹಾಗಾಗಿ 86ನೇ ಬೀದಿಯ ಸುತ್ತಲಿನ ಯಾರ್ಕ್‌ವಿಲ್‌ನಲ್ಲಿ ಇಬ್ಬರು ಮೂವರು ಸೇರಿ ಮನೆ ಹಂಚಿಕೊಂಡರೆ ಓಡಾಟ ಸಲೀಸು, ಆದರೆ ಬಾಡಿಗೆ ಹೆಚ್ಚು. ಬ್ರಾಂಕ್ಸ್ ಕಡೆಯ ಮಾಟ್ ಹೇವನ್‌ನಲ್ಲಿ 138ನೇ ಬೀದಿಯಿಂದಲೂ ಒಂದೇ ನಿಲ್ದಾಣ. ಕ್ವೀನ್ಸ್‌ನ ಆಸ್ಟೋರಿಯಾದಿಂದ ಎಂ60 ಬಸ್ ಸೇತುವೆ ದಾಟಿ ನೇರ 125ನೇ ಬೀದಿಗೆ ಬರುತ್ತದೆ. ಟ್ರಾಫಿಕ್ ಇದ್ದ ದಿನ ಎನ್ ರೈಲು ಹಿಡಿದು 59ನೇ ಬೀದಿಯಲ್ಲಿ ಬದಲಿಸಬಹುದು. ಹೀಗೆ ಎರಡು ದಾರಿ ಇರುವ ಜಾಗ ಯಾವತ್ತೂ ಒಳ್ಳೆಯದು. ಜಾಕ್ಸನ್ ಹೈಟ್ಸ್‌ನಲ್ಲಿ ಸೋನಾ ಮಸೂರಿ, ತೊಗರಿಬೇಳೆ, ಕರಿಬೇವು ಎಲ್ಲ ಸಿಗುತ್ತದೆ, ಆದರೆ ನಡುವೆ ರೈಲು ಬದಲಿಸಿ ಮುಕ್ಕಾಲು ಗಂಟೆ. ಫ್ಲಶಿಂಗ್‌ನ ಗಣೇಶ ದೇವಸ್ಥಾನದ ಹತ್ತಿರ ಇದ್ದರೆ ದೋಸೆ ಸಿಗುತ್ತದೆ ಅನ್ನುವವರಿದ್ದಾರೆ. ಭಾನುವಾರ ಹೋಗಿ ಬರಲಿ, ವಾಸಕ್ಕೆ ಅದು ದೂರ. ದಿನಸಿಗೆ 6ನೇ ರೈಲಿನಲ್ಲಿ ಕೂತು 28ನೇ ಬೀದಿಯಲ್ಲಿ ಇಳಿದರೆ ಲೆಕ್ಸಿಂಗ್ಟನ್ ಅವೆನ್ಯೂ ಉದ್ದಕ್ಕೂ ನಮ್ಮ ಅಂಗಡಿಗಳಿವೆ.

ಹಾಗಾದರೆ ಕಾಲೇಜಿನ ಪಕ್ಕದ ಈಸ್ಟ್ ಹಾರ್ಲೆಮ್? ಮೊದಲ ಎರಡು ವರ್ಷಕ್ಕೆ ನನ್ನ ಮತ ಅದಕ್ಕೇ. 110ರಿಂದ 120ನೇ ಬೀದಿಯ ನಡುವೆ, ಲೆಕ್ಸಿಂಗ್ಟನ್‌ಗೆ ಹತ್ತಿರ ಇದ್ದರೆ ನಡೆದೇ ಹೋಗಬಹುದು. ಉತ್ತರ–ದಕ್ಷಿಣವಾಗಿ 20 ಬ್ಲಾಕ್ ಅಂದರೆ ಒಂದು ಮೈಲಿ, ಆದರೆ ಅವೆನ್ಯೂಗಳ ನಡುವಿನ ಬ್ಲಾಕ್ ಅದಕ್ಕಿಂತ ಬಹಳ ಉದ್ದ. ಜಾಹೀರಾತಿನಲ್ಲಿ 'ಸಬ್‌ವೇ ಹತ್ತಿರ' ಎಂದಿದ್ದ ಮನೆ ಲೆಕ್ಸಿಂಗ್ಟನ್‌ನಿಂದ ಮೂರು ಅವೆನ್ಯೂ ಆಚೆಯ ಫಸ್ಟ್ ಅವೆನ್ಯೂನಲ್ಲಿದ್ದರೆ ಜನವರಿಯ ಗಾಳಿಯಲ್ಲಿ ಅದು ಹತ್ತಿರ ಅನ್ನಿಸುವುದಿಲ್ಲ. ಭಯದ ವಿಷಯ ಮುಚ್ಚಿಡುವುದಿಲ್ಲ: 125 ಮತ್ತು ಲೆಕ್ಸಿಂಗ್ಟನ್ ಮೂಲೆಯಲ್ಲಿ ಹಗಲೂ ರಾತ್ರಿ ಜನ ಗುಂಪುಗೂಡಿರುತ್ತಾರೆ, ನಶೆಯಲ್ಲಿರುವವರೂ ಕಾಣುತ್ತಾರೆ. ಆದರೆ ಒಂದೊಂದು ಬೀದಿಗೂ ಸ್ವಭಾವ ಬೇರೆ. ಸಹಿ ಹಾಕುವ ಮೊದಲು ರಾತ್ರಿ ಹತ್ತಕ್ಕೆ ಕಾಲೇಜಿನಿಂದ ಆ ಮನೆಯವರೆಗೆ ಮಾವನ ಜೊತೆ ಒಮ್ಮೆ ನಡೆದು ನೋಡಲಿ. ದಾರಿಯಲ್ಲಿ ತೆರೆದಿರುವ ಅಂಗಡಿ ಎಷ್ಟು, ಬೆಳಕು ಹೇಗಿದೆ ಅನ್ನುವುದು ಹಗಲು ಗೊತ್ತಾಗುವುದಿಲ್ಲ.

ಪಾರ್ಕ್ ಅವೆನ್ಯೂ ಹೆಸರಿಗೆ ಮರುಳಾಗಬೇಡಿ. 97ನೇ ಬೀದಿಯಿಂದ ಉತ್ತರಕ್ಕೆ ಅಲ್ಲಿ ಮೆಟ್ರೊ-ನಾರ್ತ್ ಎಂಬ ಉಪನಗರ ರೈಲುಗಳು ಸುರಂಗದಿಂದ ಮೇಲೆ ಬಂದು ಕಲ್ಲು–ಉಕ್ಕಿನ ಕಟ್ಟೆಯ ಮೇಲೆ ಓಡುತ್ತವೆ. ಮೂರನೇ ಮಹಡಿಯ ಕಿಟಕಿ ಮತ್ತು ಹಳಿ ಹೆಚ್ಚುಕಡಿಮೆ ಒಂದೇ ಎತ್ತರ. ಭಾನುವಾರ ಮಧ್ಯಾಹ್ನ ಮನೆ ನೋಡಿದರೆ ಮಾತಾಡಲು ತೊಂದರೆಯಿಲ್ಲ. ವಾರದ ದಿನ ಬೆಳಿಗ್ಗೆ ಎಂಟಕ್ಕೆ ಹೋದರೆ ಗಾಜು ಅದುರುತ್ತದೆ. ಕಿಟಕಿ ಹಿತ್ತಲ ಕಡೆ ಇರುವ ರೂಮ್ ಕೇಳಿ. ಸೆಕೆಂಡ್ ಅವೆನ್ಯೂನಲ್ಲಿ ಹೊಸ ಸಬ್‌ವೇ ಕೆಲಸ ನಡೆದಿದೆ, ಆ ಸದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕಟ್ಟಡದಲ್ಲೇ ಬಟ್ಟೆ ಒಗೆಯುವ ಮಷೀನ್ ಇದೆಯೇ ನೋಡಿ. ಅನಾಟಮಿ ಲ್ಯಾಬಿನ ಫಾರ್ಮಲಿನ್ ವಾಸನೆ ಸ್ಕ್ರಬ್‌ಗೆ (ಲ್ಯಾಬಿನಲ್ಲಿ ತೊಡುವ ಬಟ್ಟೆ) ಹಿಡಿದರೆ ಒಂದೇ ರೂಮಿನಲ್ಲಿ ಇಡಲಾಗದು. ಅವಕ್ಕೆ ಬೇರೆ ಚೀಲ ಇಟ್ಟು, ಉಳಿದ ಬಟ್ಟೆಯ ಜೊತೆ ಸೇರಿಸದೆ ಒಗೆಯಬೇಕು. ಶವರ್ ತಿರುಗಿಸಿ ಬಿಸಿನೀರು ಬರಲು ಎಷ್ಟು ಹೊತ್ತು ನೋಡಿ. ಅಕ್ಟೋಬರ್ 1ರಿಂದ ಮೇ 31ರವರೆಗೆ ಹೀಟ್ ಕೊಡುವುದು ಓನರ್ ಹೊಣೆ: ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿದ್ದರೆ ಹಗಲಲ್ಲಿ ಒಳಗೆ 68, ರಾತ್ರಿ ಯಾವಾಗಲೂ 62. ಕೊಡದಿದ್ದರೆ ನಗರದ ಸಹಾಯವಾಣಿ 311ಕ್ಕೆ ದೂರು. ಕಟ್ಟಡದ ಹಳೆಯ ದೂರುಗಳನ್ನು ವಿಳಾಸ ಹಾಕಿ ನಗರದ ವಸತಿ ಇಲಾಖೆಯ ತಾಣ ಎಚ್‌ಪಿಡಿ ಆನ್‌ಲೈನ್‌ನಲ್ಲಿ ನೋಡಬಹುದು. ಹೀಟ್ ಇಲ್ಲ, ಇಲಿ ಎಂಬ ದೂರು ವರ್ಷವರ್ಷ ಬಂದಿದ್ದರೆ ಆ ಮನೆ ಬೇಡ.

ಈಗ ಮಾವನ ಪಾತ್ರ. ಬಹಳಷ್ಟು ಓನರ್‌ಗಳು ತಿಂಗಳ ಬಾಡಿಗೆಯ 40 ಪಟ್ಟು ವಾರ್ಷಿಕ ಆದಾಯ ಕೇಳುತ್ತಾರೆ: 3,000 ಡಾಲರ್ ಮನೆಗೆ 1,20,000. ವಿದ್ಯಾರ್ಥಿಗೆ ಅದಿಲ್ಲವಾದ್ದರಿಂದ 80 ಪಟ್ಟು, ಅಂದರೆ 2,40,000 ಆದಾಯದ ಜಾಮೀನುದಾರ ಬೇಕು, ಅದೂ ನ್ಯೂಯಾರ್ಕ್, ನ್ಯೂಜೆರ್ಸಿ ಅಥವಾ ಕನೆಕ್ಟಿಕಟ್‌ನವರು. ಎಡಿಸನ್ ಮಾವ ಅಲ್ಲಿ ಉಪಯೋಗಕ್ಕೆ ಬರುತ್ತಾರೆ. ಆದರೆ ಒಂದೇ ಅಗ್ರಿಮೆಂಟ್‌ನಲ್ಲಿ ಮೂವರು ಇದ್ದು ಒಬ್ಬಳು ಬಿಟ್ಟುಹೋದರೆ ಸಾಮಾನ್ಯವಾಗಿ ಪೂರ್ತಿ ಬಾಡಿಗೆಗೆ ಎಲ್ಲರೂ ಹೊಣೆ, ಜಾಮೀನು ನಿಂತವರೂ ಸೇರಿ. ಇದನ್ನು ಅವರಿಗೆ ಮೊದಲೇ ತಿಳಿಸಿ. ಇಲ್ಲಿ ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲ. 2019ರ ಕಾನೂನಿನಂತೆ ಡೆಪಾಸಿಟ್ ಒಂದು ತಿಂಗಳ ಬಾಡಿಗೆ ಮೀರಬಾರದು, ಖಾಲಿ ಮಾಡಿದ 14 ದಿನದಲ್ಲಿ ಲೆಕ್ಕ ಕೊಡಬೇಕು, ಅರ್ಜಿ ಶುಲ್ಕ 20 ಡಾಲರ್ ಮೀರಬಾರದು. 2025ರ ಜೂನ್‌ನಿಂದ ಬ್ರೋಕರ್‌ನನ್ನು ಕರೆಸಿದವರೇ ಕಮಿಷನ್ ಕೊಡಬೇಕು. ಓನರ್ ಕಡೆಯ ಬ್ರೋಕರ್ ಕೇಳಿದರೆ ಕೊಡಬೇಡಿ. ಊರಿನಲ್ಲಿ ಕೂತು ಫೋಟೊ ನೋಡಿ ಹಣ ಕಳಿಸುವುದಂತೂ ಖಂಡಿತ ಬೇಡ. ಆಗಸ್ಟ್ ಮನೆಗಳು ಮಾರುಕಟ್ಟೆಗೆ ಬರುವುದೇ ಜೂನ್ ಕೊನೆ, ಜುಲೈಯಲ್ಲಿ. ಜುಲೈ ಮೊದಲ ವಾರ ಬಂದು ಮಾವನ ಮನೆಯಲ್ಲಿ ಮೂರು ವಾರ ಇದ್ದು, ಕಣ್ಣಾರೆ ನೋಡಿ ಹಿಡಿಯಲಿ.

ಹೆಚ್ಚಿನವರು ಮರೆಯುವುದು ಕೋರ್ಸಿನ ಕೊನೆಯದಾದ ನಾಲ್ಕನೇ ವರ್ಷವನ್ನು. ಆಗ ಎಕ್ಸ್‌ಟರ್ನ್‌ಶಿಪ್ ಎಂದು ಬೇರೆ ಬೇರೆ ರಾಜ್ಯದ ಆಸ್ಪತ್ರೆಗಳಲ್ಲಿ ತಿಂಗಳುಗಟ್ಟಲೆ ಇರಬೇಕಾಗುತ್ತದೆ. ಇಲ್ಲಿ ಖಾಲಿ ಮನೆಗೆ ಬಾಡಿಗೆ, ಅಲ್ಲಿ ಉಳಿಯುವ ಖರ್ಚು. ಮಾರ್ಚ್‌ನಲ್ಲಿ ರೆಸಿಡೆನ್ಸಿ (ಪದವಿಯ ನಂತರದ ಆಸ್ಪತ್ರೆ ತರಬೇತಿ) ಎಲ್ಲಿ ಎಂದು ಗೊತ್ತಾಗುತ್ತದೆ, ಜುಲೈನಲ್ಲಿ ಅಲ್ಲಿರಬೇಕು. ಹಾಗಾಗಿ ಮೂರನೇ ವರ್ಷದ ಕೊನೆಯ ರಿನ್ಯೂವಲ್‌ನಲ್ಲಿ ಅಗ್ರಿಮೆಂಟ್ ಜೂನ್ 30ಕ್ಕೆ ಮುಗಿಯುವಂತೆ ಕೇಳಿ. ನಾಲ್ಕು ಅಥವಾ ಹೆಚ್ಚು ಮನೆಗಳಿರುವ ಕಟ್ಟಡದಲ್ಲಿ ಬಾಡಿಗೆದಾರರು ಓನರ್ ಒಪ್ಪಿಗೆ ಪಡೆದು ಮನೆಯನ್ನು ಬೇರೆಯವರಿಗೆ ಒಳಬಾಡಿಗೆಗೆ (ಸಬ್‌ಲೀಸ್) ಕೊಡಬಹುದು, ಸಕಾರಣವಿಲ್ಲದೆ ಓನರ್ ತಡೆಯುವಂತಿಲ್ಲ. ಬರುವವರ ಹೆಸರು, ವಿಳಾಸ, ಕಾರಣ, ಅವಧಿ, ಸಬ್‌ಲೀಸ್ ಪ್ರತಿ ಎಲ್ಲವನ್ನೂ ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಲಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದೇ ಅರ್ಥ. ಆದರೆ ಮನೆಯನ್ನು 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡುವುದು ಕಾನೂನುಬಾಹಿರ, ಆದ್ದರಿಂದ 28 ದಿನದ ಫೆಬ್ರವರಿ ಒಂದನ್ನೇ ಕೊಡಲಾಗದು. ಹೊರಗಿನ ಎರಡು ಎಕ್ಸ್‌ಟರ್ನ್‌ಶಿಪ್‌ಗಳನ್ನು ಒಂದರ ಹಿಂದೊಂದು ಹಾಕಿಸಿಕೊಂಡು ಎರಡು ತಿಂಗಳು ಒಟ್ಟಿಗೆ ಕೊಡಲಿ.