ತಾಯಿ ಒಲ್ಲದ ಗೊರಿಲ್ಲಾ ಮರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಕುರಿ ಸಾಕುವ ಮನೆತನ. ತಾಯಿ ಒಲ್ಲದ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸುತ್ತೇವೆ. ಮೇಯಲು ಕಲಿತ ಮೇಲೆ ಅದು ತಾನಾಗಿಯೇ ಹಿಂಡಿನಲ್ಲಿ ಸೇರಿಕೊಳ್ಳುತ್ತದೆ. ಮನುಷ್ಯರು ಸಾಕಿದ ಗೊರಿಲ್ಲಾ ಮರಿಯನ್ನು ಗುಂಪಿಗೆ ಮರಳಿಸುವುದು ಬಹಳ ಕಷ್ಟವೆಂದು ಓದಿದೆ. ಕುರಿಮರಿಗಿಲ್ಲದ ತೊಡಕು ಅದಕ್ಕೇಕೆ?
– ಕುರಿಗಾರರೊಬ್ಬರು, ಚಳ್ಳಕೆರೆ

ಉತ್ತರ: ನಿಮ್ಮ ಅನುಭವದಿಂದಲೇ ಆರಂಭಿಸೋಣ. ಕುರಿಮರಿ ಹುಟ್ಟಿದ ಸ್ವಲ್ಪ ಹೊತ್ತಿಗೇ ಎದ್ದು ನಿಲ್ಲುತ್ತದೆ, ಕೆಲವೇ ವಾರಗಳಲ್ಲಿ ಹುಲ್ಲಿಗೆ ಬಾಯಿ ಹಾಕುತ್ತದೆ. ಬೇರೆ ತಾಯಿ ಅದಕ್ಕೆ ಮೊಲೆ ಕೊಡದಿದ್ದರೂ ಜೊತೆಯಲ್ಲಿ ನಡೆಯುವುದಕ್ಕೆ ಹಿಂಡಿನ ಅಡ್ಡಿಯಿಲ್ಲ. ಗೊರಿಲ್ಲಾ ಮರಿ ಹುಟ್ಟುವಾಗ ಸುಮಾರು 2 ಕಿಲೋ ತೂಗುತ್ತದೆ, ಮೊದಲ ತಿಂಗಳುಗಳನ್ನು ತಾಯಿಯ ಎದೆಗೆ ಅಂಟಿಕೊಂಡೇ ಕಳೆಯುತ್ತದೆ, ಮೂರು ನಾಲ್ಕು ವರ್ಷ ಹಾಲು ಕುಡಿಯುತ್ತದೆ. ಯಾರಿಗೆ ದಾರಿ ಬಿಡಬೇಕು, ಹಿರಿಯ ಗಂಡು ದುರುಗುಟ್ಟಿ ನೋಡಿದರೆ ಹೇಗೆ ತಗ್ಗಬೇಕು, ಆಟ ಯಾವಾಗ ಜಗಳವಾಗುತ್ತದೆ ಎಂಬುದನ್ನೆಲ್ಲ ಅದು ಕಲಿಯುವುದು ತಾಯಿಯ ತೋಳಿನಲ್ಲಿ ಕುಳಿತು ನೋಡಿಯೇ. ಬಾಟಲಿ ಹಾಲು ಮೈ ಬೆಳೆಸುತ್ತದೆಯೇ ಹೊರತು ಈ ನಡವಳಿಕೆಯನ್ನು ಕಲಿಸಲಾರದು.

ಇದನ್ನು ಮೃಗಾಲಯಗಳು ಅರಿತದ್ದು ತಡವಾಗಿ. ಮೃಗಾಲಯದಲ್ಲಿ ಹುಟ್ಟಿದ ಮೊದಲ ಗೊರಿಲ್ಲಾ ಕೋಲೋ, ಅಮೆರಿಕದ ಕೊಲಂಬಸ್‌ನಲ್ಲಿ 1956ರ ಡಿಸೆಂಬರ್ 22ರಂದು ಜನಿಸಿತು. ತಾಯಿ ನೋಡಿಕೊಳ್ಳದ ಆ ಮರಿಯನ್ನು ಮನುಷ್ಯರೇ ಸಾಕಿದರು. ಅದು 2017ರವರೆಗೆ, ಅರುವತ್ತು ವರ್ಷ ಬದುಕಿತು. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ 1959ರಲ್ಲಿ ಹುಟ್ಟಿದ ಗೋಮಾ ಎಂಬ ಮರಿ ಮೃಗಾಲಯದ ನಿರ್ದೇಶಕ ಅರ್ನ್ಸ್ಟ್ ಲಾಂಗ್ ಅವರ ಮನೆಯಲ್ಲೇ ಬೆಳೆಯಿತು. ಆದರೆ ಗೋಮಾಳ ತಾಯಿ ಅಖಿಲಾ, 1961ರಲ್ಲಿ ಹುಟ್ಟಿದ ಜಂಬೋ ಎಂಬ ಗಂಡುಮರಿಯನ್ನು ತಾನೇ ಸಾಕಿತು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಮೊದಲ ಮರಿಯನ್ನು ಸಾಕದ ತಾಯಿ ಮುಂದಿನದನ್ನೂ ಒಲ್ಲೆನೆನ್ನಲೇಬೇಕೆಂದಿಲ್ಲ. ಚೊಚ್ಚಲ ಕುರಿಯ ವಿಷಯದಲ್ಲಿ ನೀವೂ ಇದನ್ನು ಕಂಡಿರಬಹುದು. ಹೆರಿಗೆಯನ್ನೇ ಕಾಣದೆ, ಬೇರೆ ತಾಯಿ ಮರಿಯನ್ನು ಎತ್ತಿಕೊಳ್ಳುವುದನ್ನೇ ನೋಡದೆ, ಮನುಷ್ಯರ ನಡುವೆ ಬೆಳೆದ ಹೆಣ್ಣು ತಾನೇ ತಾಯಿಯಾದಾಗ ಗಾಬರಿಗೊಂಡು ಮರಿಯನ್ನು ನೆಲದ ಮೇಲೆ ಬಿಟ್ಟುಬಿಡುವುದುಂಟು. ಹೀಗೆ ಒಂದು ತಲೆಮಾರಿನ ಬಾಟಲಿ ಮುಂದಿನ ತಲೆಮಾರಿಗೂ ಬಾಟಲಿಯನ್ನೇ ತರುತ್ತದೆ.

ಆದ್ದರಿಂದ ಈಗ ಮರಿಯನ್ನು ಮನೆಗೆ ಒಯ್ಯುವುದಿಲ್ಲ. ಗುಂಪಿನ ವಾಸನೆ, ಸದ್ದು ತಾಕುವ ಪಕ್ಕದ ಕೋಣೆಯಲ್ಲೇ ಹಗಲಿರುಳು ಇರಿಸುತ್ತಾರೆ. ಮೃಗಾಲಯದ ಪಾಲಕರು ತುಪ್ಪಳದಂಥ ಅಂಗಿ ತೊಟ್ಟು, ಮರಿ ತಾನೇ ಬಿಗಿಯಾಗಿ ಹಿಡಿದುಕೊಳ್ಳುವಂತೆ ಎದೆಯ ಮೇಲೂ ಬೆನ್ನಿನ ಮೇಲೂ ಹೊತ್ತುಕೊಳ್ಳುತ್ತಾರೆ, ಕೈಗೆಣ್ಣೂರಿ ನಡೆಯುತ್ತಾರೆ, ತೃಪ್ತ ಗೊರಿಲ್ಲಾ ಹೊರಡಿಸುವ ಗಂಟಲಿನ ಗುರುಗುಟ್ಟನ್ನು ಅನುಕರಿಸುತ್ತಾರೆ. ಮರಿಗೆ ಕಲಿಸುವ ಅತಿ ಮುಖ್ಯ ಪಾಠವೆಂದರೆ, ಕರೆದಾಗ ಜಾಲರಿಯ ಬಳಿ ಬಂದು ಅದರ ಕಂಡಿಯಿಂದಲೇ ಹಾಲು ಕುಡಿಯುವುದು. ಏಕೆಂದರೆ ಮುಂದೆ ಸಾಕುತಾಯಿಯಾಗುವ ಹೆಣ್ಣು ಗೊರಿಲ್ಲಾಗೆ ಹಾಲಿಲ್ಲದಿದ್ದರೂ ಮರಿ ಅವಳ ಮಡಿಲಿನಲ್ಲೇ ಇರಲು ಇದರಿಂದ ಸಾಧ್ಯವಾಗುತ್ತದೆ.

ಬಳಿಕ ಜಾಲರಿಯ ಮೂಲಕ ಬೆರಳು ತಾಗಿಸುವ ಪರಿಚಯ, ಆಮೇಲೆ ಶಾಂತ ಸ್ವಭಾವದ ಒಂದೇ ಹೆಣ್ಣಿನ ಜೊತೆ ವಾಸ, ಅವಳು ಮರಿಯನ್ನು ತನ್ನದೆಂದು ಕಾಯುತ್ತಾಳೆಂದು ಖಚಿತವಾದ ನಂತರವೇ ಬೆಳ್ಳಿ ಬೆನ್ನಿನ ಗಂಡು, ಅಂದರೆ ಗುಂಪಿನ ಯಜಮಾನನ ಭೇಟಿ. ಈ ಗಂಡಿನ ಭೇಟಿಯ ದಿನ ಪಾಲಕರ ಜೀವ ಕೈಯಲ್ಲಿರುತ್ತದೆ. ಕಾಡಿನಲ್ಲಿ ತನ್ನದಲ್ಲದ ಮರಿಯನ್ನು ಹೊಸ ಗಂಡು ಕೊಲ್ಲುವುದುಂಟು. ಆದರೆ ಒಪ್ಪಿಕೊಂಡ ಗಂಡಿಗಿಂತ ದೊಡ್ಡ ಕಾವಲು ಮರಿಗೆ ಬೇರೊಂದಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2016ರ ಫೆಬ್ರವರಿಯಲ್ಲಿ ತುರ್ತು ಸಿಸೇರಿಯನ್‌ನಿಂದ ಹುಟ್ಟಿದ ಅಫಿಯಾ ಕೇವಲ ಒಂದು ಕಿಲೋ ಚಿಲ್ಲರೆ ತೂಗುತ್ತಿತ್ತು. ಪಾಲಕರ ಕೈಯಲ್ಲಿ ಜೀವ ಹಿಡಿದ ಅದನ್ನು ಮುಂದೆ ರೊಮಿನಾ ಎಂಬ ಹೆಣ್ಣು ಎತ್ತಿಕೊಂಡಿತು. ಆ ಘಳಿಗೆಯಲ್ಲಿ ಪಾಲಕರು ಹಿಂದೆ ಸರಿದು ನಿಲ್ಲಬೇಕು. ತಿಂಗಳುಗಟ್ಟಲೆ ಎದೆಗವಚಿಕೊಂಡವರಿಗೆ ಇದು ಸುಲಭವಲ್ಲ, ಆದರೂ ಮರಿಗೆ ಅವರು ಮಾಡಬಹುದಾದ ಅತಿ ದೊಡ್ಡ ಉಪಕಾರ ಅದೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ಪ್ರಶ್ನೆ: ಮೈಸೂರಿನಲ್ಲಿ ಎರಡೂ ಗಂಡು ಗೊರಿಲ್ಲಾಗಳನ್ನೇ ತಂದಿರುವುದೇಕೆ?
– ವಿದ್ಯಾರ್ಥಿನಿ, ಹೊಳಲ್ಕೆರೆ

ಉತ್ತರ: ಜರ್ಮನಿಯಿಂದ 2021ರಲ್ಲಿ ಬಂದ ಥಾಬೋ ಮತ್ತು ಡೆಂಬಾ ಎರಡೂ ಗಂಡುಗಳೇ. ಗೊರಿಲ್ಲಾ ಸಂಸಾರದಲ್ಲಿ ಸಾಮಾನ್ಯವಾಗಿ ಹಲವು ಹೆಣ್ಣುಗಳಿಗೆ ಒಂದೇ ಹಿರಿಯ ಗಂಡು ಇರುತ್ತದೆ, ಹುಟ್ಟುವ ಮರಿಗಳಲ್ಲಿ ಮಾತ್ರ ಗಂಡು ಹೆಣ್ಣು ಹೆಚ್ಚುಕಡಿಮೆ ಸಮ. ಮಿಕ್ಕ ಗಂಡುಗಳು ಒಂಟಿಯಾಗದಂತೆ ಜೊತೆಗೂಡಿಸುವುದು ರೂಢಿ. 2014ರಲ್ಲಿ ತೀರಿಕೊಂಡ ಪೋಲೋ ಎಂಬ ಗೊರಿಲ್ಲಾ ಅದೇ ಮೈಸೂರು ಮೃಗಾಲಯದಲ್ಲಿ ಒಂಟಿಯಾಗಿದ್ದುದನ್ನು ನೆನೆದರೆ ಈ ಜೋಡಿಯ ಬೆಲೆ ತಿಳಿಯುತ್ತದೆ.

ಪ್ರಶ್ನೆ: ನಮ್ಮ ಬೀದಿಯಲ್ಲಿ ವಿದ್ಯುತ್ ತಂತಿ ತಗುಲಿ ತಾಯಿಕೋತಿ ಸತ್ತಿದೆ. ಮರಿಯನ್ನು ನಮ್ಮ ಮಕ್ಕಳು ಸಾಕಬೇಕೆನ್ನುತ್ತಿದ್ದಾರೆ. ಸಾಕಬಹುದೇ?
– ಗೃಹಿಣಿ, ದಾವಣಗೆರೆ

ಉತ್ತರ: ದಯವಿಟ್ಟು ಬೇಡ. ಕಾನೂನಿನ ಮಾತು ಒತ್ತಟ್ಟಿಗಿರಲಿ, ಮಕ್ಕಳ ಮಡಿಲಲ್ಲಿ ಬಿಸ್ಕತ್ತು ತಿಂದು ಬೆಳೆದ ಮರಿ ದೊಡ್ಡದಾದ ಮೇಲೆ ಕಚ್ಚುತ್ತದೆ, ಆಗ ಸರಪಳಿ ಬೀಳುತ್ತದೆ, ಅಷ್ಟು ಹೊತ್ತಿಗೆ ಯಾವ ಹಿಂಡೂ ಅದನ್ನು ಸೇರಿಸುವುದಿಲ್ಲ. ನಮ್ಮ ಊರಿನ ಕೋತಿಗಳಲ್ಲಿ ಬೇರೆ ಹೆಣ್ಣುಗಳೂ ಮರಿಗಳನ್ನು ಎತ್ತಿಕೊಳ್ಳುತ್ತವೆ. ಆದಕಾರಣ ಹಿಂಡು ಇನ್ನೂ ಸಮೀಪದಲ್ಲಿದ್ದು ಮರಿಗೆ ಗಾಯವಾಗಿಲ್ಲದಿದ್ದರೆ, ಯಾರೂ ಮುಟ್ಟದೆ, ನಾಯಿಗಳನ್ನು ದೂರವಿಟ್ಟು, ಅದರ ಕೂಗು ಹಿಂಡಿಗೆ ಕೇಳುವಂತೆ ಬಿಟ್ಟು ದೂರದಿಂದ ಕಾಯಿರಿ. ಅದೇ ವೇಳೆಗೆ ಅರಣ್ಯ ಇಲಾಖೆಗೆ ತಿಳಿಸಿರಿ. ಸಂಜೆಯೊಳಗೆ ಯಾವ ಹೆಣ್ಣೂ ಬರದಿದ್ದರೆ ಮುಂದಿನ ಆರೈಕೆ ಅವರ ಪಶುವೈದ್ಯರದ್ದಾಗಲಿ.