ಎಲೆಕ್ಟ್ರಿಕ್ ಕಾರು ದಿನಾ ಓಡಿಸೋಕೆ ಆಗುತ್ತಾ? ಅದರ ಬಿಸಿನೆಸ್‌ಗೆ ಭವಿಷ್ಯ ಇದೆಯಾ?

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಮೊದಲನೆಯದಕ್ಕೆ ನಾನು ತಿರುಗಿ ಕೇಳುವುದು ಒಂದೇ: ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ? ಅಲ್ಲಿ ಪ್ಲಗ್ ಇದ್ದರೆ ಧೈರ್ಯವಾಗಿ ತಗೊಳ್ಳಿ. ಇಲ್ಲದಿದ್ದರೆ ಸ್ವಲ್ಪ ತಡೆಯಿರಿ.

ಲೆಕ್ಕ ನೋಡಿ. ಒಂದು ಯೂನಿಟ್ ಕರೆಂಟಿಗೆ ಮಾಮೂಲಿ ಎಲೆಕ್ಟ್ರಿಕ್ ಕಾರು ಆರೇಳು ಕಿಲೋಮೀಟರ್ ಓಡುತ್ತದೆ. ದಿನಕ್ಕೆ 50 ಕಿ.ಮೀ. ಓಡಿಸುವವರಿಗೆ ಸುಮಾರು 8 ಯೂನಿಟ್ ಸಾಕು. 3.3 ಕಿಲೋವ್ಯಾಟ್‌ನ ಸಣ್ಣ ಚಾರ್ಜರ್ ಕೂಡ ಅದನ್ನು ಮೂರು ಗಂಟೆಯೊಳಗೆ ತುಂಬಿಸುತ್ತದೆ. ನಾನು ಪ್ಲಗ್ ಹಾಕಿ ಮಲಗುತ್ತೇನೆ, ಅಷ್ಟೇ. 'ಪೂರ್ತಿ ಚಾರ್ಜ್ ಆಗೋಕೆ ಹನ್ನೆರಡು ಗಂಟೆ ಬೇಕು' ಅಂತ ಹೆದರಿಸುವವರು ಬ್ಯಾಟರಿ ದಿನಾ ಖಾಲಿಯಾಗುತ್ತೆ ಅಂದುಕೊಂಡಿರುತ್ತಾರೆ. ಯಾರ ಕಾರೂ ಹಾಗೆ ಓಡಲ್ಲ, ಅಲ್ವಾ?

ದೂರದ ಪ್ರಯಾಣದ ಮಾತು ಬೇರೆ. ಹೈವೇಯಲ್ಲಿ ವೇಗ ಹೆಚ್ಚಿದಷ್ಟೂ ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ಇಳಿಯುತ್ತದೆ; ಚಳಿಯಲ್ಲಿ ಇನ್ನೂ ಜಾಸ್ತಿ ಇಳಿಯುತ್ತದೆ. ಫಾಸ್ಟ್ ಚಾರ್ಜರ್‌ನಲ್ಲೂ ಶೇ. 80 ದಾಟಿದ ಮೇಲೆ ಚಾರ್ಜಿಂಗ್ ನಿಧಾನವಾಗುತ್ತದೆ, ಯಾಕಂದ್ರೆ ತುಂಬುತ್ತಾ ಬಂದ ಬ್ಯಾಟರಿಗೆ ಜೋರಾಗಿ ಕರೆಂಟ್ ನುಗ್ಗಿಸಿದರೆ ಅದು ಬೇಗ ಹಾಳಾಗುತ್ತದೆ. ಹಾಗಾಗಿ 80ಕ್ಕೆ ಕಿತ್ತು ಹೊರಡುವುದೇ ಜಾಣತನ. (ಹಿಂದೆ ಸಾಲು ನಿಂತಿದ್ದರೂ 100 ಆಗೋವರೆಗೆ ಜಾಗ ಬಿಡದವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.)

ಇನ್ನು ಬಿಸಿನೆಸ್. 2024ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಐದಕ್ಕೆ ಒಂದಕ್ಕಿಂತ ಹೆಚ್ಚು ಪ್ಲಗ್ ಹಾಕುವಂಥವು. ಈ ಲೆಕ್ಕದಲ್ಲಿ ಪ್ಲಗ್-ಇನ್ ಹೈಬ್ರಿಡ್‌ಗಳೂ (ಎಂಜಿನ್ ಜೊತೆಗೆ ಪ್ಲಗ್ ಹಾಕಿ ತುಂಬಿಸುವ ಬ್ಯಾಟರಿಯೂ ಇರುವ ಕಾರುಗಳು) ಸೇರಿವೆ. ಕೋಬಾಲ್ಟ್, ನಿಕ್ಕಲ್‌ನಂಥ ದುಬಾರಿ ಲೋಹ ಬೇಡದ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಿಂದ ಬೆಲೆಯೂ ಇಳಿದಿದೆ. ಕಾರು ಮಾರಾಟವಾಗುತ್ತದೆ, ಸಂಶಯ ಬೇಡ. ಆದರೆ ದುಡ್ಡು ಯಾರ ಕೈಗೆ?

ಟ್ಯಾಕ್ಸಿಯವರಿಗೆ ಲಾಭ ಇದೆ. ಕಾರು ಓಡಿದಷ್ಟೂ ಇಂಧನದ ಉಳಿತಾಯ, ಕೊಟ್ಟ ಹೆಚ್ಚಿನ ಬೆಲೆ ಬೇಗ ವಾಪಸ್ ಬರುತ್ತದೆ. ಗ್ಯಾರೇಜಿನವರಿಗೆ ಕಷ್ಟ: ಎಂಜಿನ್ ಆಯಿಲ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ಕ್ಲಚ್ ಇಲ್ಲ. ಬ್ರೇಕ್ ಪ್ಯಾಡ್ ಕೂಡ ಬೇಗ ಸವೆಯಲ್ಲ, ಮೋಟಾರೇ ವೇಗ ತಗ್ಗಿಸಿ ಬ್ಯಾಟರಿ ತುಂಬಿಸುತ್ತದೆ. ಆದರೆ ಭಾರ ಜಾಸ್ತಿಯಾದ್ದರಿಂದ ಟೈರ್ ಅಂಗಡಿಗೆ ಕೆಲಸ ಇದ್ದೇ ಇರುತ್ತದೆ.

ಎಲ್ಲರೂ ಕಣ್ಣಿಡುವುದು ಚಾರ್ಜಿಂಗ್ ಸ್ಟೇಷನ್ ಮೇಲೆ. ಅಲ್ಲೇ ಹುಷಾರಾಗಿರಬೇಕು. ದೊಡ್ಡ ಲೋಡ್‌ನ ವಿದ್ಯುತ್ ಸಂಪರ್ಕ ತಗೊಂಡರೆ ಹಲವು ಕಡೆ ಕಾರು ಬಂದರೂ ಬರದಿದ್ದರೂ ತಿಂಗಳಿಗೆ ಫಿಕ್ಸೆಡ್ ಚಾರ್ಜ್ ಕಟ್ಟಬೇಕು. ಯೂನಿಟ್ ಮೇಲಿನ ಲಾಭ ಚಿಕ್ಕದು, ಚಾರ್ಜರ್ ದಿನಕ್ಕೆ ಎಷ್ಟು ಗಂಟೆ ದುಡಿಯುತ್ತದೆ ಅನ್ನುವುದೇ ಮುಖ್ಯ. ಮನೆಯಲ್ಲಿ ಪ್ಲಗ್ ಇರುವವರು ಊರೊಳಗಿನ ಸ್ಟೇಷನ್‌ಗೆ ಸುಮ್ನೆ ಬರಲ್ಲ. ಜನ ಹೇಗೂ ಅರ್ಧ ಗಂಟೆ ಕೂರುವ ಹೋಟೆಲ್ ಪಕ್ಕದಲ್ಲೋ, ಟ್ಯಾಕ್ಸಿಗಳು ತಂಗುವ ಕಡೆಯೋ ಹಾಕಿದರೆ ನಡೆಯಬಹುದು. ಖಾಲಿ ಸೈಟ್ ಇದೆ ಅಂತ ಮಾತ್ರ ಹಾಕಬೇಡಿ. ಚಾರ್ಜರಿನ ರೇಟ್ ವಿಚಾರಿಸುವ ಮೊದಲು ವಿದ್ಯುತ್ ಕಂಪನಿಗೆ ಹೋಗಿ, ನಿಮಗೆ ಬೇಕಾದ ಲೋಡ್‌ಗೆ ತಿಂಗಳ ಫಿಕ್ಸೆಡ್ ಚಾರ್ಜ್ ಎಷ್ಟಾಗುತ್ತದೆ ಅಂತ ಕೇಳಿ ಬನ್ನಿ.